ನನ್ನ ಪಕ್ಕದ ಅರ್ಧ ಕೋರ್ಟು

ಅಕ್ಕ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಮಂಗಳೂರಿನವಳು ಸೋಮವಾರಪೇಟೆಯ ಬಸ್ ನಿಲ್ದಾಣದಲ್ಲಿ ಇಳಿದು ನನಗೆ ಫೋನ್ ಮಾಡಿದಳು. ನಾನೂ ಅಕ್ಕನೂ ಜೋಡಿಯಾಗಿ ಶಟಲ್ ಆಡಿದ ಇಪ್ಪತ್ತು ವರ್ಷಗಳಲ್ಲಿ ನಮ್ಮನ್ನು ಅತಿ ಹೆಚ್ಚು ಸಲ ಸೋಲಿಸಿದವಳು ಅವಳು. ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಎಲ್ಲಿಗೆ ಹೋದರೂ ಫೈನಲಿನಲ್ಲಿ ನೆಟ್ಟಿನ ಆಚೆ ನಿಂತಿರುತ್ತಿದ್ದಳು. ನಮ್ಮ ಮನೆಗೆ ಮಾತ್ರ ಒಮ್ಮೆಯೂ ಬಂದವಳಲ್ಲ.

ವರ್ಷವಿಡೀ ನನ್ನನ್ನು ನೋಡಲು ಬಂದವರೆಲ್ಲ ದನಿ ತಗ್ಗಿಸಿ ಮಾತಾಡಿದ್ದರು. ಅವಳು ತಗ್ಗಿಸಲಿಲ್ಲ. ಕಾಫಿ ಲೋಟ ಕೆಳಗಿಟ್ಟು ನೇರವಾಗಿ ವಿಷಯಕ್ಕೆ ಬಂದಳು.

"ನನ್ನ ಪಾರ್ಟ್ನರಿಗೆ ಮೊಣಕಾಲು ಹೋಯ್ತು ಮಾರಾಯ್ತಿ. ನಂಗೆ ಪಾರ್ಟ್ನರ್ ಬೇಕು. ನಿಂಗೆ ಪಾರ್ಟ್ನರ್ ಇಲ್ಲ. ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?"

ನಲವತ್ತು ದಾಟಿದವರ ರಾಜ್ಯ ಪಂದ್ಯಾವಳಿ ಮುಂದಿನ ತಿಂಗಳು ಮೈಸೂರಿನಲ್ಲಿತ್ತು. ಹೆಸರು ಕೊಡಲು ಹತ್ತು ದಿನ ಉಳಿದಿತ್ತು.

"ಆಗಲ್ಲ ಕಣೆ" ಎಂದೆ.

"ಯಾಕೆ ಆಗುದಿಲ್ಲ? ಕಾಲುಂಟು, ಕೈಯುಂಟು."

ನಾನು ಲೋಟ ತೊಳೆಯಲು ಎದ್ದೆ. ಮೈಸೂರಿನ ಕೆಲಸ ಬಿಟ್ಟು ಬಂದ ಮೇಲೆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ನಾನು ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ಜೀವಮಾನವೆಲ್ಲ ಡಬಲ್ಸ್ ಆಡಿದವಳು ಆ ಹನ್ನೊಂದು ತಿಂಗಳೂ ಅವರಿಗೆ ಬರೀ ಸಿಂಗಲ್ಸ್ ಕಲಿಸಿದ್ದೆ. ಒಬ್ಬ ತಾಯಿ ಯಾಕೆಂದು ಕೇಳಿದಾಗ, ಮೊದಲು ಬುನಾದಿ ಗಟ್ಟಿಯಾಗಲಿ ಎಂದು ಸುಳ್ಳು ಹೇಳಿದ್ದೆ. ನಿಜವೆಂದರೆ ಕೋರ್ಟಿನಲ್ಲಿ ನನ್ನ ಪಕ್ಕ ಯಾರಾದರೂ ನಿಂತರೆ ನನ್ನ ಕೈ ಏಳುತ್ತಿರಲಿಲ್ಲ. ಒಮ್ಮೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳ ಜೊತೆ ಪ್ರಯತ್ನಿಸಿದೆ. ಇಬ್ಬರ ನಡುವೆ ಬಂದ ಮೊದಲ ಶಟಲನ್ನು ನೋಡುತ್ತ ನಿಂತುಬಿಟ್ಟೆ. ಆಮೇಲೆ ತಲೆನೋವೆಂದು ಹೇಳಿ ಮನೆಗೆ ಬಂದೆ.

ಮಂಗಳೂರಿನವಳು ಒತ್ತಾಯ ಮಾಡಲಿಲ್ಲ. "ಹತ್ತು ದಿನ ಉಂಟು. ಇಲ್ಲ ಅಂತ ಹೇಳುದಾದ್ರೂ ಫೋನ್ ಮಾಡಿ ಹೇಳು, ಮೆಸೇಜ್ ಬೇಡ" ಎಂದು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಆ ಹತ್ತು ದಿನ ನಾನು ಅಕ್ಕನನ್ನೇ ನೆನೆಯುತ್ತ ಕಳೆದೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಹೆಚ್ಚಾಗಿ ನಗುವೇ.

ಅಕ್ಕ ಎಂದರೆ ನನ್ನ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಎರಡು ಮನೆಗೂ ಸೇರಿ ಇದ್ದದ್ದು ಒಂದೇ ಕಾಫಿ ಕಣ. ಸಿಮೆಂಟು ಹಾಕಿದ ಸಮತಟ್ಟಾದ ನೆಲ ನಮ್ಮ ಸುತ್ತಮುತ್ತ ಅದೊಂದೇ, ಹಾಗಾಗಿ ನಮ್ಮ ಕೋರ್ಟೂ ಅದೇ. ಹಾರಂಗಿ ಅಣೆಕಟ್ಟಿನ ಮೀನುಗಾರರಿಂದ ತಂದ ಹರಿದ ಬಲೆಯೇ ನೆಟ್ಟು. ಅದರ ತೂತಿನಲ್ಲಿ ಶಟಲ್ ಸಲೀಸಾಗಿ ತೂರುತ್ತಿತ್ತು. ಅಕ್ಕ ಹೊಡೆದದ್ದು ಯಾವಾಗಲೂ ಮೇಲಿನಿಂದಲೇ ಹೋಗಿರುತ್ತಿತ್ತು, ನಾನು ಹೊಡೆದದ್ದು ಯಾವಾಗಲೂ ತೂತಿನಿಂದ.

ಕೊಯ್ಲಿನ ಕಾಲದಲ್ಲಿ ಹಗಲೆಲ್ಲ ಕಣದ ತುಂಬ ಕಾಫಿ ಹರವಿರುತ್ತಿದ್ದರು. ಸಂಜೆ ಅದನ್ನು ಕಣದ ಎರಡು ತುದಿಗೆ ಎಳೆದು, ಎರಡು ರಾಶಿ ಮಾಡಿ, ಟಾರ್ಪಾಲು ಮುಚ್ಚುತ್ತಿದ್ದರು. ನಡುವೆ ಉಳಿದ ಜಾಗ ನಮ್ಮದು.

"ಆಡ್ಕೊಳ್ಳಿ" ಎಂದಿದ್ದರು ದೊಡ್ಡಪ್ಪ. "ಕಾಫಿ ತುಳಿದ್ರೆ ಮಾತ್ರ ಕಾಲು ಮುರಿತೀನಿ."

ಹಾಗಾಗಿ ನಾವೇ ಒಂದು ಕಾನೂನು ಮಾಡಿಕೊಂಡೆವು. ರಾಶಿಯ ಮೇಲೆ ಬಿದ್ದ ಶಟಲ್ ಔಟ್. ಎತ್ತರಕ್ಕೆ ಹೊಡೆದರೆ ಅದು ರಾಶಿಗೇ ಹೋಗಿ ಬೀಳುತ್ತಿತ್ತು. ಹೊಡೆದವರೇ ಹೋಗಿ, ರಾಶಿಗೆ ಕಾಲು ತಾಗದಂತೆ, ಕಾಫಿ ತಿರುವುವ ಹಲಗೆಯಿಂದ ಅದನ್ನು ಎಳೆದುಕೊಳ್ಳಬೇಕಿತ್ತು. ಈ ಗೋಳು ಬೇಡವೆಂದು ನಾವು ಎತ್ತರಕ್ಕೆ ಹೊಡೆಯುವುದನ್ನೇ ಬಿಟ್ಟೆವು. ಸೊಂಟದ ಮಟ್ಟದಲ್ಲಿ, ಬಲೆಯನ್ನು ಸವರಿಕೊಂಡು, ಅತ್ತಿಂದಿತ್ತ ಬಾರಿಸುವುದೇ ನಮಗೆ ಗೊತ್ತಿದ್ದ ಆಟ. ಪಕ್ಕದ ಮನೆಯ ಅಣ್ಣಂದಿರು ಇಬ್ಬರು ಎದುರು ನಿಲ್ಲುತ್ತಿದ್ದರು. ಎರಡೇ ವರ್ಷದಲ್ಲಿ ಅವರು ನಮ್ಮ ಜೊತೆ ಆಡುವುದನ್ನು ನಿಲ್ಲಿಸಿದರು. ಓದುವುದಿದೆ ಎಂದರು.

ಮೊದಲ ಬಾರಿ ಮಡಿಕೇರಿಯ ಒಳಾಂಗಣದಲ್ಲಿ ಶಾಲಾ ಪಂದ್ಯ ಆಡಿದ ದಿನ ನೆನಪಾದರೆ ಈಗಲೂ ಒಬ್ಬಳೇ ನಗುತ್ತೇನೆ. ಎದುರಿನ ಹುಡುಗಿ ಶಟಲನ್ನು ಎತ್ತರಕ್ಕೆ ಎತ್ತಿ ನಮ್ಮ ಹಿಂದಕ್ಕೆ ಕಳಿಸಿದಳು. ಅದು ಗೆರೆಯ ಒಳಗೇ ಬಿತ್ತು. ನಾವಿಬ್ಬರೂ ತಿರುಗಿಯೂ ನೋಡದೆ, ಪಾಯಿಂಟು ನಮ್ಮದೆಂದು ಸರ್ವ್ ಮಾಡಲು ಹೋಗಿ ನಿಂತೆವು. ಅಂಪೈರು ಅವರಿಗೆ ಪಾಯಿಂಟು ಕೊಟ್ಟರು. ಮುಂದಿನದೂ ಹಾಗೇ. ಅದರ ಮುಂದಿನದೂ ಹಾಗೇ. ಅಕ್ಕ ಸೊಂಟಕ್ಕೆ ಕೈಯಿಟ್ಟುಕೊಂಡು ಅಂಪೈರರ ಕುರ್ಚಿಯ ಬಳಿಗೆ ಹೋದಳು.

"ಸಾರ್, ಅದು ರಾಶಿ ಮೇಲೆ ಬಿತ್ತು."

"ಯಾವ ರಾಶಿಯಮ್ಮ?"

"ಕಾಫಿ ರಾಶಿ" ಎಂದಳು. ಹೇಳಿಯಾದ ಮೇಲೆ ತಿರುಗಿ ನೋಡಿದಳು. ಹಿಂದೆ ಏನಿತ್ತು, ಬರೀ ಮರದ ನೆಲ.

ಇಡೀ ಒಳಾಂಗಣ ನಕ್ಕಿತು. ನಾವು ಹೀನಾಯವಾಗಿ ಸೋತೆವು. ಆದರೆ ಆಟ ಮುಗಿದ ಮೇಲೆ ಒಬ್ಬ ಮೇಷ್ಟ್ರು ನಮ್ಮನ್ನು ಹುಡುಕಿಕೊಂಡು ಬಂದರು. ಅಲ್ಲಿ ಸಂಜೆ ಶಿಬಿರ ನಡೆಸುತ್ತಿದ್ದವರು.

"ಹಿಂದಕ್ಕೆ ಓಡೋದನ್ನ ನಾನು ಕಲಿಸ್ತೀನಿ. ಆದ್ರೆ ನೆಟ್ ಮೇಲೆ ಹೀಗೆ ಸಪಾಟಾಗಿ ಹೊಡೆಯೋದನ್ನ ನಿಮಗೆ ಯಾರು ಕಲಿಸಿದ್ದು?"

"ನಮ್ಮಪ್ಪ" ಎಂದಳು ಅಕ್ಕ. ದೊಡ್ಡಪ್ಪ ಜೀವಮಾನದಲ್ಲಿ ರ‍್ಯಾಕೆಟ್ ಹಿಡಿದವರಲ್ಲ.

ಆ ಮೇಷ್ಟ್ರು ಮಾತು ಉಳಿಸಿಕೊಂಡರು. ಹಿಂದಕ್ಕೆ ಓಡುವುದನ್ನು ಕಲಿಸಿದರು, ನೆಟ್ಟಿನ ಬಳಿಯ ನಮ್ಮ ಆಟಕ್ಕೆ ಕೈ ಹಾಕಲಿಲ್ಲ. ಅದೇ ಆಟ ನಮ್ಮನ್ನು ಜಿಲ್ಲೆಗೆ, ರಾಜ್ಯಕ್ಕೆ, ಆಮೇಲೆ ದೇಶದ ದೊಡ್ಡ ಪಂದ್ಯಾವಳಿಗಳಿಗೆ ಒಯ್ದಿತು. ಆಟಗಾರರ ಕೋಟಾದಲ್ಲಿ ಇಬ್ಬರಿಗೂ ಮೈಸೂರಿನ ಒಂದೇ ಕಚೇರಿಯಲ್ಲಿ ಕೆಲಸ ಸಿಕ್ಕಿತು. ನಾನು ಪಿಯುಸಿವರೆಗೆ ಓದಿದವಳು, ಬೇರೆ ದಾರಿಯಲ್ಲಿ ಅಂಥ ಕೆಲಸ ನನಗೆ ಸಿಗುತ್ತಿರಲಿಲ್ಲ. ಬೆಳಗಿನ ಐದೂವರೆಗೆ ಅಭ್ಯಾಸ, ಹತ್ತಕ್ಕೆ ಕಚೇರಿ, ಸಂಜೆ ಮತ್ತೆ ಅಭ್ಯಾಸ. ವರ್ಷದಲ್ಲಿ ಐದಾರು ತಿಂಗಳು ರೈಲಿನಲ್ಲೇ ಇರುತ್ತಿದ್ದೆವು.

ಗರಿಯ ಶಟಲಿಗೆ ಹಿಂದಿನ ದಿನ ಸ್ವಲ್ಪ ಆವಿ ಹಿಡಿದರೆ ಗರಿ ಬೇಗ ಮುರಿಯುವುದಿಲ್ಲ. ಮೇಷ್ಟ್ರು ಇದನ್ನು ಹೇಳಿಕೊಟ್ಟ ಮೇಲೆ ಅಕ್ಕ ಊರಿಗೆ ಬಂದಾಗಲೆಲ್ಲ ದೊಡ್ಡಮ್ಮನ ಕಡುಬಿನ ಪಾತ್ರೆಯ ಮೇಲೆ ಶಟಲ್ ಡಬ್ಬಿಯನ್ನು ಬಾಯಿ ಕೆಳಗೆ ಮಾಡಿ ಹಿಡಿಯುತ್ತಿದ್ದಳು. ದೊಡ್ಡಮ್ಮ ಅದು ಪ್ಲಾಸ್ಟಿಕ್ಕೆಂದು ತಿಳಿದಿದ್ದರು. ಎರಡು ವರ್ಷವಾದ ಮೇಲೆ ಒಂದು ದಿನ ಮುರಿದ ಗರಿಯೊಂದನ್ನು ಎತ್ತಿ ಹಿಡಿದು ಕೇಳಿದರು.

"ಇದು ಯಾವ್ದರ ಪುಕ್ಕನೆ?"

"ಬಾತುಕೋಳಿದು" ಎಂದಳು ಅಕ್ಕ, ರೊಟ್ಟಿ ತಿನ್ನುತ್ತ.

ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ದೊಡ್ಡಮ್ಮ ಗರಿಯನ್ನು ಹೊರಗೆಸೆದರು. ಒಲೆ ಸಾರಿಸಿದರು, ಸ್ನಾನ ಮಾಡಿದರು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಪಾತ್ರೆಯನ್ನು ಅಕ್ಕನ ಮಡಿಲಲ್ಲಿ ಇಟ್ಟರು. "ತಗೊ. ಇನ್ನು ಇದ್ರಲ್ಲಿ ನಿನ್ನ ಪುಕ್ಕನೇ ಬೇಯ್ಲಿ. ಎರಡು ವರ್ಷ ಊರೋರಿಗೆಲ್ಲ ಇದ್ರಲ್ಲೇ ಕಡುಬು ಹಾಕಿದೀನಿ, ಬಾಯಿ ಬಿಟ್ಟೀಯಾ ಮತ್ತೆ."

ಪಾತ್ರೆ ನಮ್ಮ ಜೊತೆ ಮೈಸೂರಿಗೆ ಬಂತು. ನಾವು ಮೊದಲ ರಾಜ್ಯ ಕಪ್ಪು ಗೆದ್ದು ತಂದಾಗ ದೊಡ್ಡಮ್ಮ ಅದರಲ್ಲಿ ಏಲಕ್ಕಿ ತುಂಬಿಟ್ಟರು. ಮುಂದಿನ ಸಲ ಮುಚ್ಚಳ ಇರುವ ಕಪ್ಪನ್ನೇ ಗೆದ್ದು ತನ್ನಿ ಎಂದು ಹೇಳಿ ಕಳಿಸಿದರು.

ಕೋರ್ಟಿನಲ್ಲಿ ಮಾತೆಲ್ಲ ಅಕ್ಕನದು. ಡಬಲ್ಸಿನಲ್ಲಿ ಇಬ್ಬರ ನಡುವೆ ಬರುವ ಶಟಲೇ ಕಷ್ಟದ್ದು. ಯಾರು ಹೊಡೆಯಬೇಕೆಂದು ಕೂಗಿ ಹೇಳದಿದ್ದರೆ ಇಬ್ಬರೂ ಬಿಡುತ್ತಾರೆ, ಇಲ್ಲವೆ ಇಬ್ಬರ ರ‍್ಯಾಕೆಟ್ಟೂ ಡಿಕ್ಕಿ ಹೊಡೆಯುತ್ತವೆ. ನಮ್ಮಲ್ಲಿ ಅಕ್ಕ ಒಬ್ಬಳೇ ಕೂಗುತ್ತಿದ್ದಳು. "ಹೊಡಿ" ಎಂದರೆ ನಾನು ಹೊಡೆಯುತ್ತಿದ್ದೆ. "ಬಿಡು" ಎಂದರೆ ಬಿಡುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ನಾನು ಒಂದು ಸಲವೂ ಕೂಗಿದ್ದಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ ಅಕ್ಕ ನನ್ನ ಕಡೆ ಕೈ ತೋರಿಸುತ್ತಿದ್ದಳು. "ಪಕ್ಕದಲ್ಲಿ ಒಂದು ಮೂಗಿ ಇದಾಳೆ. ಅವಳನ್ನ ಸಂಭಾಳಿಸೋದೇ ಸಾಕಾಗಿದೆ."

ಕೊನೆಗೆ ಆಸ್ಪತ್ರೆಯಲ್ಲೂ ಹಾಗೇ ಇದ್ದಳು. ಹೊಟ್ಟೆಯ ಆಪರೇಷನ್ ಆಗಿ ನಾಲ್ಕು ದಿನಕ್ಕೆ ಫೋನಿನಲ್ಲಿ ಯಾವುದೋ ದೇಶದ ಜೋಡಿಯ ಆಟ ನೋಡುತ್ತ, "ನೋಡೆ, ಮಧ್ಯಕ್ಕೆ ಬಿತ್ತು. ಇಬ್ರೂ ಮುಖ ಮುಖ ನೋಡ್ಕೊಂಡ್ರು" ಎಂದು ನಕ್ಕಳು. ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ಮತ್ತೂ ನಕ್ಕಳು. ಅದಾದ ಮೇಲೆ ಐದು ತಿಂಗಳಿದ್ದಳು.

ಮಂಗಳೂರಿನವಳು ಕೊಟ್ಟ ಹತ್ತು ದಿನಗಳಲ್ಲಿ ಎಂಟು ಹೀಗೆ ಕಳೆದವು. ಒಂಬತ್ತನೆಯ ದಿನ ಇನ್ನೊಂದು ನೆನಪು ಬಂತು. ಅದನ್ನು ನಾನು ಬೇಕೆಂದೇ ಮರೆತಿದ್ದೆ.

ನನಗೆ ಮಗಳು ಹುಟ್ಟಿದ ವರ್ಷ ನಾನು ಆಡಲಿಲ್ಲ. ಆ ವರ್ಷ ಅಕ್ಕ ಬೇರೆಯವಳ ಜೊತೆ ಆಡಿದಳು. ಆ ಬೇರೆಯವಳು ಈ ಮಂಗಳೂರಿನವಳೇ. ಇಬ್ಬರೂ ಸೇರಿ ಎರಡು ಪಂದ್ಯಾವಳಿ ಗೆದ್ದರು. ಬಾಣಂತಿ ಕೋಣೆಯಲ್ಲಿ ಮಲಗಿ ಪತ್ರಿಕೆಯಲ್ಲಿ ಅವರ ಫೋಟೋ ನೋಡಿ ನಾನು ಪತ್ರಿಕೆಯನ್ನು ತೊಟ್ಟಿಲ ಕೆಳಗೆ ತಳ್ಳಿದ್ದೆ. ಎರಡು ತಿಂಗಳು ಅಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಮೊದಲೇ ಮಾತು ಕಡಿಮೆಯವಳಾದ್ದರಿಂದ ಅವಳಿಗೆ ಅದು ಗೊತ್ತಾಗಲು ಆ ಎರಡು ತಿಂಗಳೂ ಬೇಕಾದವು. ಗೊತ್ತಾದ ದಿನ ಬಂದು, ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು ಎದುರು ಕೂತಳು.

"ಯಾಕೆ ಮುಖ ಊದಿಸ್ಕೊಂಡಿದೀಯ? ವರ್ಷವೆಲ್ಲ ನಾನು ಆಡ್ದೆ ಕೂತಿದ್ರೆ, ನೀನು ವಾಪಸ್ ಬಂದಾಗ ನಿನ್ನ ಪಕ್ಕ ಯಾರು ನಿಲ್ತಿದ್ರು? ಲೈಟು ಕಂಬವಾ?"

ನಾನು ವಾಪಸ್ ಹೋದಾಗ ಅಕ್ಕ ನನ್ನ ಪಕ್ಕವೇ ಬಂದು ನಿಂತಿದ್ದಳು. ಫೋನ್ ತೆಗೆದುಕೊಂಡು ಮಂಗಳೂರಿಗೆ ಮಾಡಿದೆ. "ಬರ್ತೀನಿ" ಎಂದೆ.

"ಹೌದಾ" ಎಂದಳು. "ನಾನು ಆವತ್ತೇ ಹೆಸರು ಕೊಟ್ಟು ಆಗಿದೆ."

ಅಭ್ಯಾಸಕ್ಕೆಂದು ಅವಳು ಮೂರು ಭಾನುವಾರ ಸೋಮವಾರಪೇಟೆಗೆ ಬಂದಳು. ಎದುರು ಊರಿನ ಇಬ್ಬರು ಗಂಡಸರು ನಿಲ್ಲುತ್ತಿದ್ದರು. ಮೂರು ಭಾನುವಾರವೂ ನಡುವೆ ಬಂದ ಶಟಲ್ ನಡುವೆಯೇ ಬಿತ್ತು. ನಾನು ಅಕ್ಕನ ಕೂಗಿಗೆ ಕಾದು ನಿಲ್ಲುತ್ತಿದ್ದೆ, ಇವಳು ನನ್ನ ಮುಖ ನೋಡುತ್ತಿದ್ದಳು. ಮೈಸೂರಿನ ಮೊದಲ ಸುತ್ತಿನಲ್ಲೂ ಅದೇ ಆಯಿತು. ಮೊದಲ ಗೇಮು ಕೈತಪ್ಪಿತು. ನೀರು ಕುಡಿಯುವಾಗ ಅವಳು ಟವೆಲನ್ನು ನನ್ನ ಹೆಗಲ ಮೇಲೆ ಎಸೆದಳು.

"ನಿಂಗೆ ಬಾಯಿ ಇಲ್ವಾ ಮಾರಾಯ್ತಿ?"

"ಅಕ್ಕ ಕೂಗ್ತಿದ್ಳು."

"ಗೊತ್ತುಂಟು. ಒಂದು ವರ್ಷ ನನ್ನ ಕಿವಿಯಲ್ಲೂ ಕೂಗಿದ್ದಾಳೆ. ನನ್ನ ಪಾರ್ಟ್ನರೂ ಹಾಗೇ, ಬೊಬ್ಬೆ ಹೊಡೀತಾ ಇದ್ಲು. ನಾನೂ ಕೂಗಿದವಳಲ್ಲ. ಈಗ ಇಬ್ರು ಮೂಗಿಯರು ಸೇರಿದ್ರೆ ಆಗ್ತದಾ? ಯಾರಾದ್ರೂ ಒಬ್ರು ಶುರು ಮಾಡ್ಬೇಕು."

ಎರಡನೆಯ ಗೇಮಿನ ನಾಲ್ಕನೆಯದೋ ಐದನೆಯದೋ ಪಾಯಿಂಟು. ಶಟಲ್ ಸರಿಯಾಗಿ ನಡುವೆ ಬಂತು. ನನ್ನ ಬಾಯಿಂದ "ಬಿಡು" ಎಂದು ಬಂತು. ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಕೋರ್ಟಿನಲ್ಲಿ ಸರ್ವ್ ಮಾಡಲು ನಿಂತಿದ್ದವಳು ತನ್ನ ಶಟಲನ್ನು ಕೆಳಗೆ ಬಿಟ್ಟಳು. ಮಂಗಳೂರಿನವಳು ಬಗ್ಗಿದಳು, ನಾನು ಅವಳ ತಲೆಯ ಮೇಲಿಂದ ಹೊಡೆದೆ. ಅಲ್ಲಿಂದ ಮುಂದೆ ನಾನು ಬಾಯಿ ಮುಚ್ಚಲಿಲ್ಲ. ಆ ಗೇಮು ಗೆದ್ದೆವು, ಮೂರನೆಯದೂ ಗೆದ್ದೆವು. ಆಟದ ನಡುವೆ ಒಂದೆರಡು ಸಲ ಕಣ್ಣು ಮಂಜಾಯಿತು. ತೋಳಿನಲ್ಲಿ ಒರೆಸಿಕೊಂಡೆ. ಬೆವರೂ ಇತ್ತು.

ಮಧ್ಯಾಹ್ನ ಎರಡನೆಯ ಸುತ್ತಿನಲ್ಲಿ ಬೆಳಗಾವಿಯ ಜೋಡಿಗೆ ಎರಡು ಪಾಯಿಂಟಿನಿಂದ ಸೋತೆವು. ಒಳಾಂಗಣದ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುವಾಗ ಅವಳು ಶುರುಮಾಡಿದಳು.

"ಕೊನೇದು ನಿನ್ನದು."

"ನನ್ನದು ಹೆಂಗೆ? ಮುಂದೆ ನಿಂತಿದ್ದು ನೀನು. ನಿನ್ನ ತಲೆ ಅಡ್ಡ ಇತ್ತು."

"ತಲೆ ಇರುದೇ ಅಲ್ಲಿ. ತೆಗೆದು ಬ್ಯಾಗಿಗೆ ಹಾಕ್ಲಿಕ್ಕೆ ಆಗ್ತದಾ?"

"ಬಗ್ಗು ಅಂತ ಎಷ್ಟು ಸಲ ಕೂಗ್ದೆ."

"ನೀನು ಎಲ್ಲದಕ್ಕೂ ಕೂಗ್ತಾ ಇದ್ದೆ. ಯಾವುದನ್ನು ಕೇಳುದು?"

ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಹತ್ತಿರ ಕೂತಿದ್ದವರು ಎದ್ದು ದೂರ ಹೋದರು. ವರ್ಷದಿಂದ ಯಾರೂ ನನ್ನ ಜೊತೆ ಜಗಳವಾಡಿರಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡು ಏಳುತ್ತಿದ್ದರು.

ಅವಳು ಶೂಗಳನ್ನು ಬ್ಯಾಗಿಗೆ ತುರುಕಿ ಜಿಪ್ ಎಳೆದಳು. "ಮುಂದಿನದು ಹಾಸನದಲ್ಲಿ ಉಂಟು. ಹೆಸರು ಕೊಡುದಾ, ಬೇಡವಾ?"

"ಕೊಡು" ಎಂದೆ. "ಆದ್ರೆ ಮೊದಲ ಸರ್ವ್ ನಾನು ಮಾಡ್ತೀನಿ. ನಿನ್ನ ಸರ್ವ್ ನೋಡ್ದೆನಲ್ಲ ಇವತ್ತು."

"ನನ್ನ ಸರ್ವಿಗೆ ಎಂತ ಆಗಿದೆ?" ಎಂದು ಅವಳು ಬ್ಯಾಗನ್ನು ಮತ್ತೆ ಕೆಳಗಿಟ್ಟಳು.