ಸಣ್ಣ ಗೇಟು ತೆರೆದ ಮಧ್ಯಾಹ್ನ

ನಮ್ಮ ಬಿಲ್ಡಿಂಗಿನ ಕೆಳಗೆ ಹಾಲು ಮಾರುವವನಿಗೆ ಹೇಳಿದ್ದೇನೆ. ಸಂಜೆ ತೋಟದ ಬೆಂಚಿನ ಮೇಲೆ ಕೂರುವ ಗೆಳೆಯರಿಗೆ ಬೇಸರ ಬರುವಷ್ಟು ಹೇಳಿದ್ದೇನೆ. ಊರಿಗೆ ಫೋನು ಹಚ್ಚಿ ತಂಗಿಗೆ ಹೇಳತೊಡಗಿದರೆ ಅವಳು, “ಹ್ವಾದ ವಾರನ ಹೇಳಿದ್ಯಲ್ಲೋ ಯಣ್ಣಾ” ಎಂದು ನಕ್ಕಳು. ಆದರೂ ಈ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ಬರೆದರಾದರೂ ನಿಂತೀತು ಎಂದು ಕುಳಿತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಸೊಟ್ಟಗಿವೆ, ಓದುವವರು ಹೊಂದಿಸಿಕೊಳ್ಳಬೇಕು.

ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ನಾನು, ಮಗ, ಸೊಸೆ, ಮೊಮ್ಮಗಳು. ವಿಜಯಪುರದ ಕಡೆಯಿಂದ ಬಂದ ನಾನು ನವಿ ಮುಂಬಯಿಯ ಕಾಳಿನ ಪೇಟೆಯಲ್ಲಿ ಚೀಲ ಹೊತ್ತು ಬೆನ್ನು ಸವೆಸಿದವನು. ಮೊಮ್ಮಗಳು ಕಂಪ್ಯೂಟರಿನ ಕಂಪನಿಯೊಂದರಲ್ಲಿ ಫೋನಿನ ಮೇಲೆ ಸಹಾಯ ಹೇಳುವ ಕೆಲಸ ಮಾಡುತ್ತಾಳೆ. ಕೆಲವು ದಿನ ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ಐರೋಲಿಯ ಆಫೀಸಿಗೆ ಹೋಗುತ್ತಾಳೆ. ಉಳಿದ ದಿನ ಮನೆಯಲ್ಲೇ, ಕಪಾಟಿನ ಪಕ್ಕದ ಸಣ್ಣ ಮೇಜಿನ ಮುಂದೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತಾಳೆ. ದೇಶದ ಯಾವ ಮೂಲೆಯಲ್ಲಿ ಯಾರ ಕಂಪ್ಯೂಟರು ಮುನಿಸಿಕೊಂಡರೂ ಇವಳು ಇಲ್ಲಿಂದ ರಮಿಸಬೇಕು. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಕುಕ್ಕರ್ ಕೂಗಿಸುವಂತಿಲ್ಲ, ಕೆಮ್ಮುವುದಾದರೂ ಬಾಗಿಲು ಮುಂದೆ ಮಾಡಿಕೊಂಡು ಕೆಮ್ಮಬೇಕು.

ಅವಳು ಹುಟ್ಟಿದ್ದು, ಬೆಳೆದದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುತ್ತಾಳೆ. ಜಗಳಕ್ಕೂ ಪ್ರೀತಿಗೂ ಅದೇ ಲೆಕ್ಕ. ಅವಳ ಬಾಯಲ್ಲಿ ಉಳಿದಿದ್ದ ನಮ್ಮ ಕಡೆಯ ಶಬ್ದ ಒಂದೇ, ‘ಮುತ್ಯಾ’. ಅಜ್ಜನನ್ನು ನಾವು ಹಾಗೆ ಕರೆಯುತ್ತೇವೆ. ಅಷ್ಟಾದರೂ ಉಳಿಯಿತಲ್ಲ ಎಂದುಕೊಂಡು ಸುಮ್ಮನಿದ್ದೆ.

ಆ ದಿನ ಮಧ್ಯಾಹ್ನ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನಾನು ಶೇಂಗಾ ಸುಲಿಯುತ್ತ ಕುಳಿತಿದ್ದೆ. ಒಂದು ಕರೆ ಬಂತು. ಇವಳು ಹಿಂದಿಯಲ್ಲಿ ಏನೋ ಹೇಳಿದಳು, ನಿಂತಳು, ಮತ್ತೆ ನಿಧಾನವಾಗಿ ಹೇಳಿದಳು, ಮತ್ತೆ ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಹೆಡ್‌ಫೋನಿನ ಒಂದು ಕಿವಿಯನ್ನು ನನ್ನ ಕಿವಿಗೆ ಒತ್ತಿದಳು.

“ಮುತ್ಯಾ, ಯೇ ಕ್ಯಾ ಬೋಲ್ ರಹೀ ಹೈ?” ಈಕೆ ಏನು ಹೇಳುತ್ತಿದ್ದಾಳೆ ಎಂದು.

ಆ ಕಡೆ ಒಬ್ಬ ಹೆಣ್ಣುಮಗಳು. ಪಕ್ಕಾ ನಮ್ಮ ಕಡೆಯ ಮಾತು. “ನನಗ ಹಿಂದಿ ತಿಳ್ಯಾಂಗಿಲ್ರೀ. ನಾಕಕ್ಕ ನನ್ ಕೂಸಿನ ಕ್ಲಾಸ್ ಐತ್ರಿ. ಮಶೀನ್ ಚಾಲೂನ ಆಗವಲ್ದು…”

ಶೇಂಗಾದ ತಟ್ಟೆ ಬದಿಗಿಟ್ಟೆ.

ಇವಳ ಆಫೀಸಿನಲ್ಲಿ ಕನ್ನಡ ಬಲ್ಲ ಒಬ್ಬನೇ ಹುಡುಗ ಬೇರೆ ಕರೆಯಲ್ಲಿದ್ದ, ಅವನು ಬಿಡುವಾಗುವುದು ತಡ. ಇವಳು ತನ್ನ ಮೇಲಿನವರಿಗೆ ಬರೆದು ಕೇಳಿದಳು, ಮನೆಯಲ್ಲಿ ಅಜ್ಜ ಇದ್ದಾರೆ, ಮಾತು ದಾಟಿಸಬಹುದೇ ಎಂದು. ಆ ತಾಯಿ ಒಪ್ಪಿದರೆ ಆಗಬಹುದು ಎಂದರು. ನಾನು ಕೇಳಿದೆ. “ಒಪ್ಪೂದೇನ್ ಬಂತ್ರೀ ಯಪ್ಪಾ, ದೇವರ ಸಿಕ್ಕಾಂಗ ಆತು” ಎಂದಳು. ಇವಳು ಹೆಡ್‌ಫೋನಿನ ವೈರು ಕಿತ್ತಳು, ಧ್ವನಿ ಕೋಣೆಯ ತುಂಬ ಬಂತು.

ಆಕೆಗೆ ನಾಲ್ಕು ವರ್ಷದ ಮಗಳು, ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆಪರೇಷನ್ ಮಾಡಿ ಕಿವಿಯ ಹಿಂದೆ ಕೇಳುವ ಮಶೀನು ಕೂರಿಸಿದ್ದಾರೆ. ಈಗ ದೂರದ ಊರಿನ ಟೀಚರೊಬ್ಬರು ಕಂಪ್ಯೂಟರಿನಲ್ಲಿ ಬಂದು ಮಾತು ಕಲಿಸುತ್ತಾರೆ. ಹೋದ ಪಾಠದ ದಿನ ಜ್ವರ ಬಂದು ತಪ್ಪಿತ್ತು. ಇವತ್ತೂ ತಪ್ಪಿದರೆ, ಕಲಿತ ಒಂದೆರಡು ಶಬ್ದವನ್ನೂ ಕೂಸು ಬಿಟ್ಟುಬಿಡುತ್ತದೆ ಎಂಬ ಭಯ ತಾಯಿಗೆ. ದೊಡ್ಡ ಫೋನು ಗಂಡನ ಜೊತೆ ಲಾರಿಯಲ್ಲಿ ಹೋಗಿದೆ. ಮನೆಯಲ್ಲಿರುವುದು ಗುಂಡಿ ಒತ್ತುವ ಸಣ್ಣ ಫೋನು. ಮೂರು ಗಂಟೆ ಆಗಲೇ ದಾಟಿತ್ತು.

“ಈಗ ಪಡದೆ ಮ್ಯಾಲ ಏನ್ ಕಾಣಸ್ತೈತವ್ವಾ?” ಎಂದೆ.

“ಕರ್ರಗ ಐತ್ರಿ. ನಾಕೂ ಮೂಲ್ಯಾಗ ಇಂಗ್ಲಿಷನ್ಯಾಗ ಏನೋ ಬರದೈತಿ. ಚಿತ್ರ ಎಲ್ಲಾ ದೊಡ್ಡೂ ದೊಡ್ಡೂ ಆಗ್ಯಾವ. ಬಾಜೂ ಮನಿ ಹುಡುಗಿ ಏನೋ ಒತ್ತಿ ಹಿಂಗ ತಗದ್ ಕೊಟ್ಟು ಹ್ವಾದ್ಳು.”

ಮೊಮ್ಮಗಳಿಗೆ ಅಷ್ಟರಲ್ಲೇ ತಿಳಿಯಿತು. ಸೇಫ್ ಮೋಡ್ ಎಂದಳು. ಕಂಪ್ಯೂಟರಿಗೆ ಹುಷಾರಿಲ್ಲದಾಗ ಬೇಕಾದಷ್ಟನ್ನೇ ಚಾಲೂ ಮಾಡಿಕೊಂಡು ಏಳುತ್ತದಂತೆ. ಧ್ವನಿ ಬರುವುದಿಲ್ಲ, ವೈಫೈಯೂ ತಾನಾಗಿ ಬರುವುದಿಲ್ಲ. ಆದರೆ ಹೇಗಾದರೂ ವೈಫೈ ಎಬ್ಬಿಸಿಬಿಟ್ಟರೆ, ಇವಳು ಇಲ್ಲಿಂದಲೇ ಒಳಹೊಕ್ಕು ಕೆಟ್ಟದ್ದನ್ನು ಸರಿಮಾಡಬಲ್ಲಳು. “ಬಸ್, ನೆಟ್ ಆನಾ ಚಾಹಿಯೆ, ಮುತ್ಯಾ.” ನೆಟ್ ಬಂದರೆ ಸಾಕು.

ಇದನ್ನು ನಾನು ಹೇಗೆ ಹೇಳಲಿ? ಕಂಪ್ಯೂಟರಿನ ಮೇಲಿನ ಧೂಳು ಒರೆಸಿದ್ದು ಬಿಟ್ಟರೆ ಅದನ್ನು ಮುಟ್ಟಿದವನಲ್ಲ. ನನಗೆ ಪೇಟೆಯ ಬಂದ್ ದಿನ ನೆನಪಾಯಿತು.

“ನೋಡವ್ವಾ ತಂಗಿ, ಗೋದಾಮು ಬಂದ್ ಇದ್ದ ದಿವಸ ದೊಡ್ಡ ಗೇಟು ಹಾಕಿರ್ತಾರ. ಸಣ್ಣ ಗೇಟು ಅಷ್ಟ ತಗದಿರ್ತಾರ. ಒಳಗ ಒಂದ ದೀಪ, ಒಬ್ಬ ವಾಚ್‌ಮನ್. ಹಮಾಲರು ತಾವಾಗಿ ಬರಾಂಗಿಲ್ಲ, ಹೆಸರು ಹಿಡದು ಕರದ್ರ ಬರ್ತಾರ. ನಿನ್ ಮಶೀನ್ ಈಗ ಹಂಗ ಐತಿ. ವೈಫೈ ಅನ್ನಾವ ಒಳಗ ಮಲಗ್ಯಾನ. ನಾವು ಹೆಸರು ಹಿಡದು ಎಬ್ಬಸಬೇಕು.”

“ಹಾಂ, ಹಂಗನ್ರಿ ಮತ್ತ!” ಎಂದಳು. ಧ್ವನಿಯಲ್ಲಿ ಸ್ವಲ್ಪ ಜೀವ ಬಂತು. ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಇವಳು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳಿದಳು, ಆಕೆ ಒತ್ತಿದಳು. ಉದ್ದನೆಯ ಪಟ್ಟಿ ತೆರೆಯಿತು. ಕೆಳಗೆ ಕೆಳಗೆ ಹೋಗಿ ಡಬ್ಲ್ಯೂದಿಂದ ಶುರುವಾಗುವ ಒಂದು ಹೆಸರು ಹುಡುಕಬೇಕು. ಸಿಕ್ಕಿತು. ಅದರ ಮೇಲೆ ರೈಟ್ ಕ್ಲಿಕ್ ಎಂದಳು ಇವಳು.

“ಬಲಗಡೆ ಒತ್ತವ್ವಾ” ಎಂದೆ ನಾನು, ದೊಡ್ಡ ಪಂಡಿತನ ಹಾಗೆ.

“ಒತ್ತಾಕತ್ತೀನ್ರಿ. ಏನೂ ಆಗವಲ್ದು.”

“ಜೋರ್ ಒತ್ತು.”

“ಮುತ್ಯಾ!” ಮೊಮ್ಮಗಳು ತಲೆ ಚಚ್ಚಿಕೊಂಡಳು. ಆ ತಾಯಿ ಪರದೆಯ ಬಲಗಡೆಯನ್ನು ಬೆರಳಿನಿಂದ ಒತ್ತುತ್ತಿದ್ದಳು. ಒತ್ತಬೇಕಾದದ್ದು ಮೌಸಿನ ಬಲಗುಂಡಿ. ಗೊತ್ತಾದಾಗ ಆಕೆಯೇ ಮೊದಲು ನಕ್ಕಳು. “ಮುತ್ಯಾ, ನೀವೂ ನನ್ನಂಗ ಅದೀರಿ ಬಿಡ್ರಿ!” ಮೊಮ್ಮಗಳು ಕರೆದದ್ದು ಕೇಳಿ ಆಕೆಯೂ ನನ್ನನ್ನು ಮುತ್ಯಾ ಎಂದಳು. ಒಂದೇ ಮಧ್ಯಾಹ್ನ ನನಗೆ ಇಬ್ಬರು ಮೊಮ್ಮಕ್ಕಳು.

ಆದರೆ ವೈಫೈ ಏಳಲಿಲ್ಲ. ಸ್ಟಾರ್ಟ್ ಎಂದು ಒತ್ತಿದರೆ ಒಂದು ಚೌಕ ಎದ್ದು ನಿಂತಿತು. ಆಕೆ ಅದರೊಳಗಿನ ಇಂಗ್ಲಿಷನ್ನು ತಡವರಿಸುತ್ತ ಓದಿದಳು. ಈ ಸ್ಥಿತಿಯಲ್ಲಿ ಅದನ್ನು ಚಾಲೂ ಮಾಡಲು ಬರುವುದಿಲ್ಲ ಎಂದು ಅದರ ಅರ್ಥವಂತೆ. ಸೇಫ್ ಮೋಡಿನಲ್ಲೇ ಎರಡು ಬಗೆ. ಪಕ್ಕದ ಮನೆಯ ಹುಡುಗಿ ಮಶೀನು ಏಳುವಾಗ ಬರುವ ಪಟ್ಟಿಯಲ್ಲಿ ನಾಲ್ಕನೆಯದನ್ನು ಒತ್ತಿದ್ದಳು, ಅದರಲ್ಲಿ ನೆಟ್‌ವರ್ಕಿನ ದಾರಿಯೇ ಇಲ್ಲ. ಐದನೆಯದನ್ನು ಒತ್ತಬೇಕಿತ್ತು. ಮಶೀನನ್ನು ಮತ್ತೆ ಮೊದಲಿನಿಂದ ಎಬ್ಬಿಸಬೇಕು.

“ಮತ್ತ ಮೊದಲಿಂದನಾ?” ಎಂದಳು ಆಕೆ. ಅಳುತ್ತಿದ್ದಳು. “ಬಿಡ್ರಿ ಮುತ್ಯಾ. ಇನ್ನ ಆಗಾಂಗಿಲ್ಲ. ಕೂಸು ಆಗಲೇ ಹೊಸ ಅಂಗಿ ಹಾಕ್ಕೊಂಡ್ ಖುರ್ಚಿ ಮ್ಯಾಲ ಕುಂತೈತಿ. ಅದಕ್ಕ ಕ್ಲಾಸ್ ಇಲ್ಲಂತ ಹೆಂಗ ಹೇಳಲಿ? ಹೇಳಿದ್ರೂ ತಿಳ್ಯಾಂಗಿಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಲ್ಯಾಪ್‌ಟಾಪಿನ ಹತ್ತಿರಕ್ಕೆ ಬಾಗಿದಳು.

“ಅಕ್ಕಾ, ಅಳಬ್ಯಾಡ್ರಿ. ನಾ ಅದೀನಿ. ಶಿಫ್ಟ್ ಗುಂಡಿ ಗಟ್ಟಿ ಹಿಡೀರಿ. ಬಿಡಬ್ಯಾಡ್ರಿ. ಹಿಡದs ರೀಸ್ಟಾರ್ಟ್ ಒತ್ರಿ.”

ನಾನು ಅವಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ, ನೋಡಲು ಪುರುಸೊತ್ತೆಲ್ಲಿ? ಆ ‘ಅಳಬ್ಯಾಡ್ರಿ’ ನನ್ನ ಹೆಂಡತಿಯದು. ಇವಳು ಚಿಕ್ಕವಳಿದ್ದಾಗ ಬಿದ್ದು ಮೊಣಕಾಲು ಒಡೆದುಕೊಂಡರೆ, ಹೋಗಿಬಿಟ್ಟ ಆ ಮುದುಕಿ ಮೊಮ್ಮಗಳನ್ನೂ ಬಹುವಚನದಲ್ಲೇ ರಮಿಸುತ್ತಿದ್ದಳು. ಅದನ್ನು ಇವಳು ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದಳೋ! ಮಾತು ತೊಡರುತ್ತಿತ್ತು, ನಡುವೆ ಹಿಂದಿ ನುಗ್ಗುತ್ತಿತ್ತು, ಸಿಗದ ಶಬ್ದಕ್ಕೆ ನನ್ನ ಮೊಣಕೈ ಚಿವುಟುತ್ತಿದ್ದಳು. ನಾನು ಪಿಸುಗುಟ್ಟುತ್ತಿದ್ದೆ, ಅವಳು ಗಟ್ಟಿಯಾಗಿ ಹೇಳುತ್ತಿದ್ದಳು. ಹಮಾಲಿಯಲ್ಲಿ ಒಬ್ಬ ಚೀಲ ಎತ್ತಿ ಕೊಟ್ಟರೆ ಇನ್ನೊಬ್ಬ ಹೊತ್ತು ನಡೆಯುತ್ತಾನಲ್ಲ, ಹಾಗೆ.

“ಪಟ್ಟಿ ಬಂತ್ರಿ” ಎಂದಳು ಆಕೆ.

“ಐದು ಒತ್ರಿ ಅಕ್ಕಾ. ಐದು.”

ಮತ್ತೆ ಕರಿಯ ಪರದೆ, ಮತ್ತೆ ನಾಲ್ಕು ಮೂಲೆಯ ಬರಹ, ಮತ್ತೆ ಉದ್ದನೆಯ ಪಟ್ಟಿ, ಅದೇ ಹೆಸರು, ಮೌಸಿನ ಬಲಗುಂಡಿ, ಸ್ಟಾರ್ಟ್.

“ಈ ಸಲ ಏನೂ ಬೈಲಿಲ್ರಿ” ಎಂದಳು ಆ ತಾಯಿ, ಮೆಲ್ಲಗೆ.

ಕೆಳಗಿನ ಮೂಲೆಯಲ್ಲಿ ವೈಫೈಯ ಗುರುತು ಮೂಡಿತ್ತು. ಆಕೆ ಮನೆಯ ವೈಫೈ ಡಬ್ಬಿಯನ್ನು ತಿರುವಿ ಹಾಕಿ ಕೆಳಗಿನ ಚೀಟಿಯಲ್ಲಿದ್ದ ಪಾಸ್‌ವರ್ಡು ಒತ್ತಿದಳು. ನೆಟ್ ಬಂತು! ನಾನು ಎದ್ದು ನಿಂತೇಬಿಟ್ಟೆ. ಶೇಂಗಾದ ತಟ್ಟೆ ಕಾಲಿಗೆ ತಾಗಿ ಕಾಳೆಲ್ಲ ಮಂಚದ ಕೆಳಗೆ ಹೋದವು.

ಆಮೇಲಿನದು ಮೊಮ್ಮಗಳ ಕೈಯ ಕೆಲಸ. ಇಲ್ಲಿ ಅವಳು ಮೌಸ್ ಅಲುಗಿಸಿದರೆ ಅಲ್ಲಿ ಬಾಣ ಓಡತೊಡಗಿತು.

“ಅಯ್ಯ! ಇದು ತಾನs ಓಡ್ಯಾಡಾಕತ್ತೈತ್ರೀ!”

“ಹೆದರಬ್ಯಾಡವ್ವಾ” ಎಂದೆ. “ಅದು ನಮ್ ಹುಡುಗೀ ಕೈ.”

ಹೇಳಿದ ಮೇಲೆ ನನಗೇ ಮೈ ಜುಮ್ ಎಂದಿತು. ನಾನು ಆ ನಾಡು ಬಿಟ್ಟು ಬಂದಾಗ ರೈಲಿನ ಸಾಮಾನ್ಯ ಡಬ್ಬಿಯಲ್ಲಿ ನಿಂತೇ ಬಂದಿದ್ದೆ. ಈಗ ನನ್ನ ಮೊಮ್ಮಗಳ ಕೈ ಡೊಂಬಿವಲಿಯಿಂದ ಅಲ್ಲಿಗೆ ಹೋಗಿ ಒಬ್ಬರ ಮನೆಯ ಕೆಲಸ ಮಾಡುತ್ತಿದೆ.

ಪರದೆಗೆ ಚಿತ್ರ ಕೊಡುವ ಸಾಫ್ಟ್‌ವೇರು ಕೆಟ್ಟಿತ್ತಂತೆ. ಅದನ್ನು ತೆಗೆದು ಹೊಸದನ್ನು ನೆಟ್‌ನಿಂದ ಇಳಿಸಿ ಕೂರಿಸಿದಳು. ಕೊನೆಗೊಮ್ಮೆ ಮಶೀನು ಆರಿ ಎದ್ದಿತು. ಈ ಸಲ ಕಪ್ಪಿಲ್ಲ, ಮೂಲೆಯ ಬರಹವಿಲ್ಲ. “ದೊಡ್ಡ ಗೇಟು ತಗೀತ್ರೀ ಮುತ್ಯಾ!” ಎಂದು ಆ ತಾಯಿ ಕೂಗಿದ್ದು ನಮ್ಮ ಪಕ್ಕದ ಮನೆಗೂ ಕೇಳಿರಬೇಕು. ನಾಲ್ಕು ಹೊಡೆಯುವಷ್ಟರಲ್ಲಿ ಆಕೆ ಕ್ಲಾಸ್ ತೆರೆದಳು, ಬೆನ್ನಿಗೇ ಟೀಚರ ದನಿ ಬಂತು. ಕುರ್ಚಿ ಎಳೆದ ಸದ್ದು. ಆಕೆ ಗಡಿಬಿಡಿಯಲ್ಲಿ ಫೋನನ್ನು ಎಲ್ಲಿಯೋ ಇಟ್ಟು ಕೂಸಿನ ಹತ್ತಿರ ಓಡಿದಳು, ಕಟ್ ಮಾಡುವುದನ್ನೇ ಮರೆತಳು.

ಕರೆಯನ್ನು ಗಿರಾಕಿ ಮೊದಲು ಕಟ್ ಮಾಡಬೇಕು, ನಾವಾಗಿ ಮಾಡುವಂತಿಲ್ಲ ಎಂಬುದು ಇವಳ ಕೆಲಸದ ನಿಯಮ. ನಾನು ಇವಳ ಮುಖ ನೋಡಿದೆ. ಇವಳು ನಮ್ಮ ಕಡೆಯ ಮೈಕು ಬಂದ್ ಮಾಡಿ, ತುಟಿಯ ಮೇಲೆ ಬೆರಳಿಟ್ಟಳು. ಇಬ್ಬರೂ ಅಲುಗದೆ ಕುಳಿತೆವು.

“ಹೇಳು ಪುಟ್ಟಿ, ಬಾ…” ಎಂದರು ಟೀಚರು.

ಏನೂ ಇಲ್ಲ.

“ಬಾ…”

ಏನೂ ಇಲ್ಲ. ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು.

“ಬಾ” ಎಂದಿತು ಕೂಸು. ದೂರದಿಂದ, ಸಣ್ಣಗೆ, ಸ್ವಲ್ಪ ಸಿಟ್ಟಿನಿಂದಲೇ. ತಾಯಿ ನಕ್ಕದ್ದೋ ಅತ್ತದ್ದೋ ಕೇಳಿಸಿತು. ನಾನು ಏನು ಮಾಡಿದೆ ಎಂದು ಇಲ್ಲಿ ಬರೆಯುವುದಿಲ್ಲ. ಮೊಮ್ಮಗಳು ತನ್ನ ಓಢಣಿಯ ತುದಿಯನ್ನು ನನಗೆ ಕೊಟ್ಟಳು, ಅಷ್ಟೇ.

ಎಷ್ಟು ಹೊತ್ತು ಹಾಗೆ ಕುಳಿತಿದ್ದೆವೋ. ಕೊನೆಗೆ ಆ ತಾಯಿಗೆ ಫೋನಿನ ನೆನಪಾಗಿ ಎತ್ತಿಕೊಂಡಳು.

“ಅಯ್ಯ ಶಿವನ! ಇನ್ನೂ ಅದೀರೇನ್ರಿ?”

ಇವಳು ಮೈಕು ತೆರೆದಳು. ನಾನು ಹೇಳಿಕೊಡಬೇಕಾಗಲಿಲ್ಲ.

“ಅದೀವ್ರಿ ಅಕ್ಕಾ” ಎಂದಳು. “ಮುತ್ಯಾನೂ ಅದಾನ.”