ಕಾವಿಗೂ ಶ್ರುತಿ ಕೂಡಿಸಿದ ಆಸ್ಗರ್

ಸ್ವೆನ್‌ಬೋರ್ ಊರಿನಲ್ಲಿ ಪಿಯಾನೊ ಇರುವ ಮನೆಯವರಿಗೆಲ್ಲ ಆಸ್ಗರ್ ಲುಂಡ್ಸ್‌ಗೋರ್ ಗೊತ್ತು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಯಿತು. ಹದಿನಾರಕ್ಕೆ ಅಂಧರ ಶಾಲೆಯಲ್ಲಿ ಪಿಯಾನೊ ಶ್ರುತಿ ಕೂಡಿಸುವುದನ್ನು ಕಲಿತ. ಆಮೇಲಿನ ನಲವತ್ತೈದು ವರ್ಷ ಆ ಊರಿರುವ ದ್ವೀಪದ ಶಾಲೆ, ಚರ್ಚು, ಹೋಟೆಲುಗಳ ಪಿಯಾನೊಗಳೆಲ್ಲ ಅವನ ಕೈಯಲ್ಲೇ ಸರಿಹೋದವು. ಬಸ್ಸು ಹತ್ತಿ ಒಬ್ಬನೇ ಹೋಗುತ್ತಿದ್ದ, ಒಬ್ಬನೇ ಬರುತ್ತಿದ್ದ. ಯಾರಾದರೂ ಮೆಟ್ಟಿಲು ಹತ್ತಿಸಲು ಕೈಹಿಡಿದರೆ, "ಮೆಟ್ಟಿಲು ನನಗೆ ಗೊತ್ತು, ನಿಮ್ಮ ಕಾಲು ನೋಡ್ಕೊಳ್ಳಿ" ಅನ್ನುತ್ತಿದ್ದ. ಅಷ್ಟು ಬಿಗುಮಾನದ ಮನುಷ್ಯ.

ಹೆಂಡತಿ ಟೋವೆ ಪ್ರಯಾಣಿಕರ ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಬೆಂದು ಬಂದವಳು. ಸೆಕೆ ಅಂದರೆ ಅವಳಿಗೆ ಆಗದು. ಜನವರಿಯಲ್ಲೂ ಮಲಗುವ ಕೋಣೆ ತಣ್ಣಗಿರಬೇಕು. ಆಸ್ಗರನ ಕೆಲಸದ ಕೋಣೆಯಲ್ಲೋ ರಿಪೇರಿಗೆ ಬಂದ ಪಿಯಾನೊ ಒಂದಾದರೂ ಇರುತ್ತಿತ್ತು. ಅಲ್ಲಿ ಕಾವು ಏರಿಳಿದರೆ ಮರ ಹಿಗ್ಗಿ ಕುಗ್ಗಿ, ಬೆಳಿಗ್ಗೆ ಕೂಡಿಸಿದ ಶ್ರುತಿ ಸಂಜೆಗೆ ಕೆಟ್ಟಿತೆಂದೇ ಲೆಕ್ಕ. ಹೀಗಾಗಿ ಚಳಿಗಾಲ ಪೂರ್ತಿ ಅವನು ಬಿಸಿನೀರಿನಿಂದ ಕೋಣೆ ಕಾಯಿಸುವ ರೇಡಿಯೇಟರುಗಳ ತಿರುಪು ಏರಿಸುವುದು, ಅವಳು ಹಿಂದೆಯೇ ಹೋಗಿ ಇಳಿಸುವುದು.

"ಇದು ಮನೆಯೋ ರೊಟ್ಟಿ ಸುಡೋ ಒಲೆಯೋ?" ಎಂದು ಅವಳು.

"ನಿನಗೆ ಮೀನಿನ ಐಸ್ ಪೆಟ್ಟಿಗೇಲಿ ಹಾಸಿಗೆ ಹಾಸಿಕೊಡ್ತೀನಿ ಕಣೆ, ಸುಮ್ನಿರು" ಎಂದು ಅವನು.

ಕೋಣೆಕೋಣೆಗೂ ಬೇರೆಬೇರೆ ಕಾವು ಹಿಡಿದಿಡುವ ಸ್ಮಾರ್ಟ್ ವಾಲ್ವುಗಳು ಬಂದಿವೆ ಎಂದು ಒಂದು ಅಕ್ಟೋಬರಿನಲ್ಲಿ ರೇಡಿಯೊದಲ್ಲಿ ಕೇಳಿದ್ದೇ ತಡ, ಆಸ್ಗರ್ ಆರು ತರಿಸಿದ. ಅವರದು ಮೂರು ಸಂಸಾರಗಳ ಹಳೆಯ ಕಟ್ಟಡ. ನೆಲಮಾಳಿಗೆಯ ಒಂದೇ ಪಂಪು ಮೂರಕ್ಕೂ ಬಿಸಿನೀರು ಹರಿಸುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಕೊಳಾಯಿ ಕೆಲಸದ ಫ್ರೋಡೆ ಬಾಗಿಲಲ್ಲಿ ಪೆಟ್ಟಿಗೆ ಕಂಡು ನಿಂತ.

"ಅದೆಲ್ಲ ಫೋನಿನ ತೆರೆ ನೋಡ್ಕೊಂಡು ಮಾಡೋ ಕೆಲಸ, ಆಸ್ಗರ್ ಅವ್ರೇ. ನಿಮಗೆಲ್ಲಿ ಆಗುತ್ತೆ? ಬಿಡಿ, ನಾನು ಹಾಕಿಕೊಡ್ತೀನಿ."

ಹುಡುಗ ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ 'ನಿಮಗೆಲ್ಲಿ ಆಗುತ್ತೆ' ಅನ್ನುವುದು ಆಸ್ಗರನಿಗೆ ಮುಳ್ಳಿನಂತೆ ಚುಚ್ಚಿತು. "ಕಾಫಿ ಕುಡಿದು ಹೋಗಪ್ಪ. ವಾಲ್ವಿನ ತಂಟೆಗೆ ಬರಬೇಡ" ಅಂದ.

ಮರುದಿನ ಬೆಳಿಗ್ಗೆ ತಾನೇ ಕೂತ. ಹಳೆಯ ತಿರುಪು ಬಿಚ್ಚಿದರೆ ಒಳಗೆ ಬೆರಳಿಗೆ ಸಿಗುವುದು ಸಣ್ಣದೊಂದು ಲೋಹದ ಮೊಳೆ. ಅದನ್ನು ಒತ್ತಿದರೆ ನೀರು ನಿಲ್ಲುತ್ತದೆ, ಬಿಟ್ಟರೆ ಹರಿಯುತ್ತದೆ. ಹೊಸ ವಾಲ್ವಿನೊಳಗಿನ ಪುಟ್ಟ ಮೋಟಾರು ಆ ಮೊಳೆಯನ್ನು ಒತ್ತುತ್ತಾ ಬಿಡುತ್ತಾ ಇರುತ್ತದೆ. ತೆರೆಯಲ್ಲಿದ್ದುದನ್ನು ಫೋನು ಬಾಯಿಬಿಟ್ಟು ಹೇಳುತ್ತಾ ಹೋಯಿತು, ಅವನು ಮಾಡುತ್ತಾ ಹೋದ. ಐದು ಕಡೆ ಮೋಟಾರು ಗುಂಯ್ ಎಂದು ಒಂದೇ ಅಳತೆಗೆ ತಿರುಗಿ ನಿಂತಿತು. ಊಟದ ಕೋಣೆಯಲ್ಲಿ ಮಾತ್ರ ಅರ್ಧಕ್ಕೇ ನಿಂತಿತು. ಮೊಳೆ ಕಚ್ಚಿಕೊಂಡಿದೆ ಎಂದು ಅವನಿಗೆ ಕೂಡಲೇ ತಿಳಿಯಿತು. ಬಿಚ್ಚಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಸಡಿಲಿಸಿದ. ಮಧ್ಯಾಹ್ನ ರೈ ಧಾನ್ಯದ ರೊಟ್ಟಿಯ ಮೇಲೆ ಉಪ್ಪಿನ ಹೆರಿಂಗ್ ಮೀನು ಇಡುವ ಹೊತ್ತಿಗೆ ಮಲಗುವ ಕೋಣೆ ಹದಿನಾರು ಡಿಗ್ರಿ, ಕೆಲಸದ ಕೋಣೆ ಇಪ್ಪತ್ತು. ಟೋವೆ ಎರಡಕ್ಕೂ ಹೋಗಿ ನಿಂತು ಬಂದಳು.

"ಮೂವತ್ತೆಂಟು ವರ್ಷ ಕಚ್ಚಾಡಿದ್ದು ದಂಡ ಕಣೋ" ಅಂದಳು.

ಮೂರು ವಾರ ಮನೆ ಸ್ವರ್ಗವಾಗಿತ್ತು. ಆಮೇಲೆ ಸಿಳ್ಳು ಶುರುವಾಯಿತು. ಮಧ್ಯಾಹ್ನ ಎರಡು ಗಂಟೆಗೆ ಕೆಲಸದ ಕೋಣೆಯ ರೇಡಿಯೇಟರ್ ಸುಯ್ಯೆಂದು ಕೂಗುತ್ತಿತ್ತು. ತಂತಿಯ ನಾದ ಕೇಳಬೇಕಾದ ಕಿವಿಗೆ ಅದೇ ತುಂಬಿಕೊಂಡು, ಆಸ್ಗರ್ ಕೆಲಸ ನಿಲ್ಲಿಸಿ ಕೂತ. ಸದ್ದು ಕೊಳವೆ ಹಿಡಿದು ಕೆಳಮನೆಗೂ ಇಳಿಯಿತು. ಅಲ್ಲಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ ಗುನ್‌ವೋರ್. ಎಲ್ಲರ ಬಾಯಲ್ಲೂ 'ಟೀಚರ್'. ಅವರು ಮೂರೂ ಮನೆಯವರನ್ನೂ ಫ್ರೋಡೆಯನ್ನೂ ತಮ್ಮ ಊಟದ ಮೇಜಿನ ಸುತ್ತ ಸೇರಿಸಿದರು.

"ಈ ಆಟಿಕೆಗಳದ್ದೇ ಕಿತಾಪತಿ. ಕಿತ್ತು ಹಳೇವು ಹಾಕಿಬಿಡೋಣ" ಅಂದ ಫ್ರೋಡೆ.

"ಆಸ್ಗರ್, ಹಟ ಮಾಡಬೇಡ. ತಪ್ಪಾಗಿದ್ರೆ ತಿದ್ದಿಕೊಂಡ್ರಾಯ್ತು" ಅಂದರು ಟೀಚರ್.

ಆಸ್ಗರನ ಮುಖ ಕೆಂಪಾಯಿತು. "ಒಂದು ವಾರ ಕೊಡಿ ಟೀಚರ್. ತಪ್ಪು ನನ್ನದಾದ್ರೆ ನನ್ನ ಕೈಯಿಂದಲೇ ಕೀಳ್ತೀನಿ."

ಆ ವಾರ ಅವನು ಪಿಯಾನೊ ಮುಟ್ಟಲಿಲ್ಲ. ರೇಡಿಯೇಟರಿನ ಪಕ್ಕ ಮಣೆ ಹಾಕಿಕೊಂಡು ಕೂತ. ಫೋನಿನಲ್ಲಿ ಒಂದೊಂದೇ ಕೋಣೆ ಮುಚ್ಚಿ ಕೇಳಿದ, ತೆರೆದು ಕೇಳಿದ. ಗುಟ್ಟು ಗುರುವಾರಕ್ಕೆ ಸಿಕ್ಕಿತು. ಶುಕ್ರವಾರ ಫ್ರೋಡೆಯನ್ನೂ ಟೀಚರನ್ನೂ ಕರೆಸಿದ.

"ಈಗ ಅಡುಗೆಮನೆ ಮುಚ್ತೀನಿ" ಎಂದು ಪಿಯಾನೊದ ಒಂದು ಕೀ ಒತ್ತಿದ. ಸಿಳ್ಳೂ ಅದೇ ಸ್ವರದಲ್ಲಿತ್ತು. "ಈಗ ಊಟದ ಕೋಣೆ." ಸಿಳ್ಳು ಏರಿತು, ಮೇಲಿನ ಕೀ ಒತ್ತಿದ, ಅದೂ ಕೂಡಿತು. "ಈಗ ನಡುಮನೆ." ಇನ್ನೂ ಮೇಲೆ.

ಟೀಚರ್ "ಅಯ್ಯೋ ದೇವರೇ" ಅಂದರು.

"ನೋಡಪ್ಪ ಫ್ರೋಡೆ, ವಾಲ್ವು ಕೆಟ್ಟಿದ್ರೆ ಸಿಳ್ಳು ಒಂದೇ ಸ್ವರದಲ್ಲಿ ಇರಬೇಕಿತ್ತು. ಒಂದೊಂದು ಕೋಣೆ ಮುಚ್ಚಿದಾಗಲೂ ಇದು ಏರ್ತಾ ಇದೆ. ಮೊದಲು ಆರು ದಾರೀಲಿ ಹೋಗ್ತಿದ್ದ ನೀರನ್ನ ಈಗ ಉಳಿದ ಮೂರೇ ದಾರೀಲಿ ನೂಕ್ತಾ ಇದೆ ನಿನ್ನ ಪಂಪು. ಮಧ್ಯಾಹ್ನ ಕೋಣೆಗಳು ಕಾದು ವಾಲ್ವುಗಳು ತಾವೇ ಮುಚ್ಚಿಕೊಂಡಾಗಲೂ ಆಗೋದು ಇದೇ. ದಾರಿ ಕಮ್ಮಿಯಾದ್ರೂ ಅದರ ಜೋರು ಕಮ್ಮಿಯಾಗಿಲ್ಲ. ಹೋಗಿ ನೋಡು."

ಫ್ರೋಡೆ ನೆಲಮಾಳಿಗೆಗೆ ಇಳಿದ. ನಿಜವೇ, ಪಂಪು ವರ್ಷಗಟ್ಟಲೆಯಿಂದ ಒಂದೇ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಫೋನಿನಲ್ಲಿ ಆಸ್ಗರನನ್ನು ಹಿಡಿದುಕೊಂಡೇ ಅದರ ವೇಗವನ್ನು ಒಂದೊಂದೇ ಹಂತ ತಗ್ಗಿಸಿದ. "ಇನ್ನೂ... ಇನ್ನೊಂಚೂರು... ಹಾಂ, ನಿಲ್ಲಿಸು!" ಅಂದ ಆಸ್ಗರ್. ಸಿಳ್ಳು ಸತ್ತುಹೋಯಿತು. ಬೇಕಾದಷ್ಟೇ ನೂಕಿ ತಾನಾಗಿ ತಗ್ಗುವ ಏರ್ಪಾಡು ಅದೇ ಪಂಪಿನಲ್ಲಿತ್ತು. ಯಾರೂ ಹಾಕಿರಲಿಲ್ಲ, ಅಷ್ಟೆ. ಫ್ರೋಡೆ ಹಾಕಿದ.

ಮೇಲೆ ಬಂದವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ನಾನೇ ನೋಡಬೇಕಿತ್ತು. ತಪ್ಪಾಯ್ತು ಆಸ್ಗರ್ ಅವ್ರೇ."

"ನೀನು ನೋಡಿದೆಯಪ್ಪ. ಕೇಳಲಿಲ್ಲ" ಅಂದ ಆಸ್ಗರ್. ಜಂಬ ಅಂದರೆ ಜಂಬವೇ. ಅವನು ಅದನ್ನು ಮುಚ್ಚಿಡಲೂ ಇಲ್ಲ.

ಕ್ರಿಸ್‌ಮಸ್ಸಿಗೆ ಮೊದಲೇ ಟೀಚರ್ ತಮ್ಮ ಮನೆಗೂ ವಾಲ್ವು ತರಿಸಿದರು. "ಇವನ್ನ ನೀನೇ ಹಾಕಬೇಕು" ಎಂದು ಪೆಟ್ಟಿಗೆಯನ್ನು ಆಸ್ಗರನ ಕೈಗೇ ಕೊಟ್ಟರು. ಫ್ರೋಡೆಯಂತೂ ಎಲ್ಲಿ ಕೊಳವೆ ಕೂಗಿದರೂ ಗಾಡಿ ತಂದು ಆಸ್ಗರನ ಬಾಗಿಲಲ್ಲಿ ನಿಲ್ಲಿಸುತ್ತಿದ್ದ. ಸಂಗೀತ ಶಾಲೆ, ಹಳೆಯ ಅಂಚೆ ಕಟ್ಟಡ, ವೃದ್ಧರ ವಸತಿ ಎಂದು ಆ ಚಳಿಗಾಲದಲ್ಲೇ ಒಂಬತ್ತು ಕಡೆ ಇಬ್ಬರೂ ಹೋಗಿಬಂದರು.

ಟೋವೆ ಹಳೆಯ ಹಡಗಿನ ಗೆಳತಿಯರನ್ನು ಊಟಕ್ಕೆ ಕರೆದ ದಿನ ಪಕ್ಕದ ಕೋಣೆಯಲ್ಲಿ ಆಸ್ಗರ್ ತಂತಿ ಬಿಗಿಯುತ್ತಿದ್ದ. ಅವಳ ದನಿ ಗೋಡೆ ದಾಟಿ ಬಂತು: "ಇಡೀ ಊರಿನ ಕೊಳಾಯಿಯೋರಿಗೆ ಆಗದೇ ಇದ್ದದ್ದನ್ನ ನನ್ನ ಗಂಡ ಮಣೆ ಮೇಲೆ ಕೂತು ಕಂಡುಹಿಡಿದ, ಗೊತ್ತೇನ್ರೇ!"

ಅವಳು ಅವನೆದುರು ಒಂದು ದಿನವೂ ಹೀಗೆ ಅಂದವಳಲ್ಲ. ಆಸ್ಗರ್ ಕೈಯ ಚಾವಿಯನ್ನು ಹಾಗೇ ಹಿಡಿದು, ಅವಳು ಇನ್ನೇನು ಹೇಳುತ್ತಾಳೋ ಎಂದು ಕಿವಿಗೊಟ್ಟು ನಿಂತ.