ಎಣ್ಣೆ ಡಬ್ಬಿಯ ಶಿಕ್ಷೆ

ಎಣ್ಣೆ ಡಬ್ಬಿ ಕದ್ದ ಮುದುಕನಿಗೆ ಬುದ್ಧಿ ಬರಲಿ ಎಂದು ಕೋರ್ಟು, ಮುಳಗುಂದದ ಬಜಾರಿನಲ್ಲಿ ಹತ್ತು ದಿನ ಕಸ ಗುಡಿಸುವ ಶಿಕ್ಷೆ ಕೊಟ್ಟಿತ್ತು. ಆರನೇ ದಿನ ಅದನ್ನು ನೋಡಿ ಕೋರ್ಟಿಗೆ ವರದಿ ಬರೆಯಲು ಅಧಿಕಾರಿಯಾದ ನಾನು ಹೋದೆ. ಆತ ಯಾರೋ ಕೊಡಿಸಿದ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದ. ದೂರು ಕೊಟ್ಟಿದ್ದ ಅಂಗಡಿಕಾರನೇ ಓಡಿಬಂದು ನನ್ನ ಕೈ ಹಿಡಿದ.

"ಸಾಹೇಬ್ರ, ಇದನ್ನ ನಿಲ್ಲಿಸ್ರಿ. ಒಂದ್ ಡಬ್ಬಿ ಎಣ್ಣಿಗೆ ಮುದುಕನ ಕೈಯಾಗ ಕಸಬರಗಿ ಕೊಡಿಸಿದಿ ಅಂತ ಮಂದಿ ನನಗ ಬೈತಾರ. ಅಂಗಡಿಗೆ ಯಾರೂ ಬರವಲ್ರು. ಕಂಪ್ಲೇಂಟ್ ಯಾಕರ ಕೊಟ್ನೋ!"

ಮುದುಕ ಎದ್ದು ಕಸಬರಗಿ ಹಿಡಿದ. "ಹಂಗ ಬಿಡಾಕ ಬರಂಗಿಲ್ರಿ. ಕೋರ್ಟಿನ ಆರ್ಡರ್ ಐತಿ."

ನಾನು ವರದಿಯ ಫಾರ್ಮು ತೆಗೆದೆ. ಅದರಲ್ಲಿ 'ಶಿಕ್ಷೆಯಿಂದ ಪಶ್ಚಾತ್ತಾಪ ಆಗಿದೆಯೇ?' ಎಂದಿತ್ತು. 'ಹೌದು' ಎಂದು ಬರೆದೆ. ಯಾರಿಗೆ ಎಂದು ಫಾರ್ಮಿನಲ್ಲಿ ಕೇಳಿರಲಿಲ್ಲ.